ಇದು ಗದ್ದಲವಂತೆ!

ಕಳೆದ ತಿಂಗಳು ನಮ್ಮೂರಿನ ಕಾರ್ಮಿಕ ಸಂಘದ ಸಮಿತಿಯ ಮುಂದೆ ಒಂದು ಅರ್ಜಿ ಬಂತು. ಅರ್ಜಿದಾರರು ಐದು ಮಂದಿ ಹುಡುಗರು. ಇಬ್ಬರು ಗಿರಣಿಯ ನೂಲುವ ಖಾತೆಯಲ್ಲಿ ಬದಲಿ ಕೆಲಸದವರು. ಒಬ್ಬ ಸೈಕಲ್ ರಿಪೇರಿ ಅಂಗಡಿಯವರ ಮಗ. ಇನ್ನಿಬ್ಬರು ಪದವಿ ಪಡೆದು ಮನೆಯ ಕಟ್ಟೆಯ ಮೇಲೆ ಕುಳಿತವರು. ಭಾನುವಾರ ಸಂಜೆ ಸಂಘದ ಸಭಾಂಗಣ ಖಾಲಿ ಬಿದ್ದಿರುತ್ತದೆ, ಎರಡು ಗಂಟೆ ನಮಗೆ ಕೊಡಿ, ಹಿಪ್‌ಹಾಪ್ ಅಭ್ಯಾಸ ಮಾಡುತ್ತೇವೆ, ಕರೆಂಟಿನ ಖರ್ಚು ನಾವೇ ಕೊಡುತ್ತೇವೆ. ಅರ್ಜಿಯಲ್ಲಿದ್ದುದು ಇಷ್ಟೇ. ಸಮಿತಿಯಲ್ಲಿ ಒಬ್ಬರು "ಇದು ಸಂಗೀತವಲ್ಲ, ಗದ್ದಲ" ಎಂದರು. ಇನ್ನೊಬ್ಬರು "ಅಮೆರಿಕದ ಗಾಂಜಾ ಹಾಡು" ಎಂದರು. ಮೂರನೆಯ ಮಹಾಶಯರು ಕನ್ನಡಕ ಸರಿಮಾಡಿಕೊಂಡು "ದುಡಿಯುವ ಜನಕ್ಕೆ ಇದರಿಂದ ಸಂದೇಶವೇನು?" ಎಂದು ಗಂಭೀರವಾಗಿ ಕೇಳಿದರು. ಅರ್ಜಿ ಬಿದ್ದುಹೋಯಿತು. ಆ ಮೂರನೆಯ ಮಹಾಶಯರು ಬೇರೆ ಯಾರೂ ಅಲ್ಲ, ನಾವೇ.

ಸಭೆ ಮುಗಿದು ಮೆಟ್ಟಿಲಿಳಿಯುವಾಗ ಸೈಕಲ್ ಅಂಗಡಿಯ ಹುಡುಗ ಅಡ್ಡ ಬಂದ. ಜಗಳಕ್ಕೇ ಬಂದನೆಂದುಕೊಂಡೆವು. ಅವನು ಜಗಳವಾಡಲಿಲ್ಲ. "ಸಾರ್, ಒಂದೇ ಒಂದು ಆಲ್ಬಂ ಕೇಳಿ. ನಲವತ್ತಾರು ನಿಮಿಷ ಅಷ್ಟೆ. ಆಮೇಲೆ ಬೈಯಿರಿ, ಬೈಸಿಕೊಳ್ತೀವಿ" ಎಂದು ನಮ್ಮ ಫೋನಿಗೆ ಅದನ್ನು ಹಾಕಿಕೊಟ್ಟ. ಆಲ್ಬಮ್ಮಿನ ಹೆಸರು 'ಮ್ಯಾಡ್‌ವಿಲನಿ'. ಹಾಡಿದವನು ಎಂ.ಎಫ್. ಡೂಮ್, ಸಂಗೀತ ಕಟ್ಟಿದವನು ಮ್ಯಾಡ್‌ಲಿಬ್. ೨೦೦೪ರ ಮಾರ್ಚ್ ೨೩ರಂದು ಅಮೆರಿಕದ ಸ್ಟೋನ್ಸ್ ಥ್ರೋ ಎಂಬ ಸಣ್ಣ ಕಂಪನಿ ಅದನ್ನು ಹೊರತಂದಿತು.

ಮೊದಲ ರಾತ್ರಿ ನಾವು ಕಾಗದ ಪೆನ್ಸಿಲ್ಲು ಹಿಡಿದು ಕುಳಿತೆವು. ಸಂದೇಶ ಸಿಕ್ಕಿದರೆ ಬರೆದುಕೊಳ್ಳೋಣವೆಂದು. ಒಂದು ಘೋಷಣೆಯೂ ಸಿಗಲಿಲ್ಲ. ಮುಖಕ್ಕೆ ಲೋಹದ ಮುಖವಾಡ ತೊಟ್ಟ ಒಬ್ಬ ಮನುಷ್ಯ ತನ್ನನ್ನು ತಾನೇ ಖಳನೆಂದು ಕರೆದುಕೊಳ್ಳುತ್ತಾನೆ, ಜಂಬ ಕೊಚ್ಚುತ್ತಾನೆ, ತಿಂಡಿಯ ಮಾತಾಡುತ್ತಾನೆ, ಚಿತ್ರಕಥೆಯ ದುಷ್ಟರನ್ನು ನೆನೆಯುತ್ತಾನೆ. ಇಪ್ಪತ್ತೆರಡು ಹಾಡುಗಳಲ್ಲಿ ಬಹುತೇಕಕ್ಕೆ ಪಲ್ಲವಿಯೇ ಇಲ್ಲ. ಹೆಚ್ಚಿನವು ಮೂರು ನಿಮಿಷವನ್ನೂ ಮುಟ್ಟುವುದಿಲ್ಲ. ರುಚಿ ಹತ್ತುವಷ್ಟರಲ್ಲಿ ತಟ್ಟೆ ಎತ್ತಿಬಿಡುತ್ತಾರೆ. ನಮ್ಮ ಇಂಗ್ಲಿಷಾದರೋ ಕೋರ್ಟು ಕಾಗದದ ಇಂಗ್ಲಿಷು, ಅವನ ಮಾತು ಅರ್ಧಕ್ಕರ್ಧ ಕೈತಪ್ಪಿತು. ನಾವು ಹೇಳಿದ್ದೇ ಸರಿಯಾಯಿತೆಂದು ಬೀಗಿ ಮಲಗಿದೆವು.

ಎರಡನೆಯ ರಾತ್ರಿ ಮತ್ತೆ ಏಕೆ ಕೇಳಿದೆವು? ಅದರಲ್ಲಿ 'ಅಕಾರ್ಡಿಯನ್' ಎಂಬ ಎರಡು ನಿಮಿಷದ ಹಾಡಿದೆ. ಅಕಾರ್ಡಿಯನ್ ಎಂದರೆ ನಮ್ಮ ಹಾರ್ಮೋನಿಯಂನ ದಾಯಾದಿ. ಎದೆಗೆ ಕಟ್ಟಿಕೊಂಡು ತಿದಿ ಎಳೆದು ನುಡಿಸುವ ವಾದ್ಯ. ಆ ತಿದಿ ಒಂದೇ ಸಮನೆ ಉಸಿರೆಳೆದು ಉಸಿರು ಬಿಡುತ್ತದೆ. ಅದರ ಮೇಲೆ ಈ ಮನುಷ್ಯ ಕಂಠ ಏರಿಸದೆ, ಇಳಿಸದೆ, ತಾಳಕ್ಕಿಂತ ಒಂದು ಎಳೆ ಹಿಂದೆಯೇ ನಡೆಯುತ್ತ ಮಾತು ಪೋಣಿಸುತ್ತಾನೆ. ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆಯುವವನ ಹೆಜ್ಜೆ ಅದು. ಅವಸರವಿಲ್ಲ, ಆದರೆ ನಿಲ್ಲುವುದೂ ಇಲ್ಲ. ಇದನ್ನು ಗದ್ದಲವೆಂದು ಕರೆದಿದ್ದೆವಲ್ಲ ಎಂದು ಮೊಟ್ಟಮೊದಲ ಬಾರಿಗೆ ನಾಚಿಕೆಯಾದದ್ದು ಆಗ.

ಮೂರನೆಯ ದಿನ ಹುಡುಗನನ್ನು ಅಚ್ಚುಕೂಟಕ್ಕೇ ಕರೆಸಿದೆವು. ಅವನು ಹಾಡಿನ ಸಾಲುಗಳನ್ನು ಕಾಗದದ ಮೇಲೆ ಬರೆದು ಪ್ರಾಸಗಳ ಕೆಳಗೆ ಗೆರೆ ಎಳೆದು ತೋರಿಸಿದ. ನಾವು ಶಾಲೆಯಲ್ಲಿ ಕಲಿತ ಪ್ರಾಸ ಸಾಲಿನ ಎರಡನೆಯ ಅಕ್ಷರದ್ದು. ಸಿನಿಮಾ ಹಾಡಿನ ಪ್ರಾಸ ಸಾಲಿನ ತುದಿಯದು. ಇವನದು ಎರಡೂ ಅಲ್ಲ. ಒಂದು ಸಾಲಿನ ನಾಲ್ಕೈದು ಅಕ್ಷರಗಳ ಗುಂಪಿಗೆ ಮುಂದಿನ ಸಾಲಿನಲ್ಲಿ ಅಂಥದೇ ಗುಂಪು ಉತ್ತರ ಕೊಡುತ್ತದೆ. ಅದು ನಡುವೆಯೂ ಇರಬಹುದು, ಮೊದಲಲ್ಲೂ ಇರಬಹುದು. ಗೆರೆ ಎಳೆದು ಮುಗಿಸಿದಾಗ ಕಾಗದದ ಮೇಲೆ ಗೆರೆಯಿಲ್ಲದ ಶಬ್ದಗಳೇ ಕಡಿಮೆಯಾಗಿದ್ದವು. ಹಾಗೆಂದು ಅರ್ಥಕ್ಕೆ ಕುಂದಿಲ್ಲ. 'ಫ್ಯಾನ್ಸಿ ಕ್ಲೌನ್' ಎಂಬ ಹಾಡಿನಲ್ಲಿ ಒಬ್ಬ ಪ್ರೇಮಿ ತನ್ನ ಹುಡುಗಿ ಮೋಸ ಮಾಡಿದಳೆಂದು ಗೋಳಾಡುತ್ತಾನೆ. ಅವಳು ಯಾರ ಹಿಂದೆ ಹೋದಳು? ಮುಖವಾಡದ ಡೂಮ್ ಎಂಬುವನ ಹಿಂದೆ! ಗೋಳಾಡುವವನೂ ಡೂಮೇ, ಬೇರೊಂದು ವೇಷದ ಹೆಸರಿನಲ್ಲಿ. ಒಬ್ಬನೇ ನಟ ತನ್ನನ್ನು ತಾನೇ ಬೈದುಕೊಳ್ಳುವ ಈ ಪ್ರಸಂಗ ಅರ್ಥವಾದೊಡನೆ ನಾವು ಗಟ್ಟಿಯಾಗಿ ನಕ್ಕೆವು. ಮೊಳೆ ಜೋಡಿಸುವ ಕಾಲದಿಂದ ನಮ್ಮೊಡನಿರುವ ಅಚ್ಚುಕೂಟದ ಹಿರಿಯರು ತಿರುಗಿ ನೋಡಿದರು.

ಈಗ ಈ ಸಂಗೀತ ತಯಾರಾದ ಬಗೆಯನ್ನು ಹೇಳಬೇಕು. ಗಿರಣಿಯ ಓದುಗರು ದಯವಿಟ್ಟು ಗಮನ ಕೊಟ್ಟು ಓದಬೇಕು. ಏಕೆಂದರೆ ಇದು ಯಂತ್ರದ ಮಾತು.

ಮ್ಯಾಡ್‌ಲಿಬ್ ಎಂಬುವನ ನಿಜನಾಮ ಓಟಿಸ್ ಜಾಕ್ಸನ್. ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಊರಿನವನು. ೨೦೦೨ರಲ್ಲಿ ಬ್ರೆಜಿಲ್ ದೇಶಕ್ಕೆ ಹೋದಾಗ ಸಾವೊ ಪಾವ್ಲೊ ನಗರದ ಹೋಟೆಲ್ ಕೋಣೆಯಲ್ಲಿ ಕುಳಿತು ಈ ಆಲ್ಬಮ್ಮಿನ ಸಂಗೀತದಲ್ಲಿ ದೊಡ್ಡ ಪಾಲನ್ನು ಕಟ್ಟಿದ. ಅವನ ಬಳಿ ಇದ್ದುದು ಎತ್ತಿಕೊಂಡು ಓಡಾಡುವಂಥ ಒಂದು ಗ್ರಾಮಫೋನು, ಒಂದು ಕ್ಯಾಸೆಟ್ ಯಂತ್ರ, ಮತ್ತು ಬಾಸ್ ಕಂಪನಿಯ ಎಸ್‌ಪಿ-೩೦೩ ಎಂಬ ಸ್ಯಾಂಪ್ಲರು. ಈ ಸ್ಯಾಂಪ್ಲರು ದಪ್ಪನೆಯ ಲೆಕ್ಕದ ಪುಸ್ತಕದಷ್ಟು ದೊಡ್ಡದು. ಹಳೆಯ ರಿಕಾರ್ಡಿನ ಒಂದು ತುಣುಕು ಧ್ವನಿಯನ್ನು ಅದು ನುಂಗಿಟ್ಟುಕೊಳ್ಳುತ್ತದೆ. ಗುಂಡಿ ಒತ್ತಿದಾಗ ಉಗುಳುತ್ತದೆ. ಬೇಕೆಂದರೆ ನಿಧಾನವಾಗಿ, ಬೇಕೆಂದರೆ ಸುತ್ತಿ ಸುತ್ತಿ. 'ರೇಡ್' ಎಂಬ ಹಾಡಿನಲ್ಲಿ ಬಿಲ್ ಇವಾನ್ಸ್ ಎಂಬ ಜಾಝ್ ವಾದಕರ ಪಿಯಾನೋ ತುಣುಕನ್ನೂ ಬ್ರೆಜಿಲಿನ ಒಂದು ಹಳೆಯ ರಿಕಾರ್ಡಿನ ತುಣುಕನ್ನೂ ಅಕ್ಕಪಕ್ಕ ಕೂರಿಸಿದ್ದಾನೆ. ಜೀವಮಾನದಲ್ಲಿ ಮುಖ ಕಾಣದ ಎರಡು ದೇಶದ ವಾದಕರು ಒಂದೇ ಬೆಂಚಿನ ಮೇಲೆ ಕುಳಿತು ನುಡಿಸಿದಂತಿದೆ. ರಿಕಾರ್ಡಿನ ಮೇಲಿನ ಗೀರಿನ ಚರಚರ ಸದ್ದನ್ನೂ ಅವನು ತೊಳೆದು ಹಾಕಿಲ್ಲ. ಉತ್ತರದ ನಮ್ಮ ಓದುಗರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಇದು ಕೌದಿ. ಹಳೆಯ ಸೀರೆ, ಹರಿದ ಅಂಗಿ, ಕೂಸಿನ ಕುಲಾವಿ, ಎಲ್ಲ ಸೇರಿಸಿ ಅಜ್ಜಿ ಹೊಲಿದ ಹೊದಿಕೆ.

ದೊಡ್ಡ ಕಂಪನಿಯ ಸ್ಟುಡಿಯೋ ಇಲ್ಲ, ಮೂವತ್ತು ಪಿಟೀಲುಗಳಿಲ್ಲ, ಮುಂಗಡ ಹಣವಿಲ್ಲ. ಸ್ಟೋನ್ಸ್ ಥ್ರೋ ಕಂಪನಿಯಾದರೂ ಎಷ್ಟು ದೊಡ್ಡದು? ಡೂಮ್‌ನೊಡನೆ ಆದ ಕರಾರನ್ನು ಊಟದ ಕಾಗದದ ತಟ್ಟೆಯ ಮೇಲೆ ಬರೆದುಕೊಂಡರೆಂಬುದು ಆ ಕಂಪನಿಯವರೇ ಹೇಳಿಕೊಂಡಿರುವ ಕಥೆ. ಪೇಟೆಯ ವ್ಯಾಪಾರಿ ಮಿತ್ರರಿಗೆ ಇದರಲ್ಲಿ ಆಶ್ಚರ್ಯವೇನಿರಲಾರದು. ಬೀಡಿ ಕಟ್ಟಿನ ಕಾಗದದ ಮೇಲೆ ಬರೆದ ಲೆಕ್ಕವನ್ನು ಹತ್ತು ವರ್ಷ ಮುರಿಯದೆ ನಡೆಸಿದವರು ನಮ್ಮ ನಡುವೆಯೂ ಇದ್ದಾರೆ.

ಮಾತಿನ ನಂಬಿಕೆ ಹೀಗಾದರೆ, ಮುದ್ರೆಯೊತ್ತಿದ ಕರಾರಿನ ನಂಬಿಕೆ ಹೇಗಿತ್ತು? ಮುಖವಾಡದ ಹಿಂದಿನ ಮನುಷ್ಯನ ಕಥೆಯನ್ನು ಇಲ್ಲಿ ಹೇಳಲೇಬೇಕು. ಡೇನಿಯಲ್ ಡುಮಿಲೆ ೧೯೭೧ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ತಾಯಿ ಟ್ರಿನಿಡಾಡಿನವಳು, ತಂದೆ ಜಿಂಬಾಬ್ವೆಯವನು. ಕೂಸಾಗಿರುವಾಗಲೇ ನ್ಯೂಯಾರ್ಕಿನ ಪಕ್ಕದ ಲಾಂಗ್ ಐಲೆಂಡಿಗೆ ಬಂದು ಅಲ್ಲೇ ಬೆಳೆದ. ತಮ್ಮನೊಡನೆ ಸೇರಿ ಕೆಎಂಡಿ ಎಂಬ ತಂಡ ಕಟ್ಟಿದ. ೧೯೯೧ರಲ್ಲಿ ಇಲೆಕ್ಟ್ರಾ ಎಂಬ ದೊಡ್ಡ ಕಂಪನಿ ಅವರ ಮೊದಲ ಆಲ್ಬಂ ಹೊರತಂದಿತು. ೧೯೯೩ರಲ್ಲಿ ಎರಡನೆಯದು ತಯಾರಾಗುತ್ತಿರುವಾಗ ತಮ್ಮ ಹೆದ್ದಾರಿ ದಾಟುವಾಗ ಕಾರು ಬಡಿದು ಸತ್ತ. ಅಣ್ಣ ಉಳಿದ ಕೆಲಸವನ್ನು ಒಬ್ಬನೇ ಮುಗಿಸಿಕೊಟ್ಟ. ಕಂಪನಿ ಏನು ಮಾಡಿತು? ೧೯೯೪ರಲ್ಲಿ ಆಲ್ಬಮ್ಮನ್ನು ಬಿಡುಗಡೆಗೆ ಮುನ್ನವೇ ತಡೆಹಿಡಿದು, ತಂಡವನ್ನೇ ಹೊರಗೆ ಹಾಕಿತು. ಕಾರಣ ಹೊದಿಕೆಯ ಮೇಲಿನ ಚಿತ್ರ. ಕರಿಯ ಜನರನ್ನು ಅಣಕಿಸಲು ಬಿಳಿಯರು ಬಹುಕಾಲ ಬಳಸಿದ 'ಸ್ಯಾಂಬೊ' ಎಂಬ ವಿಕಾರದ ಗೊಂಬೆಯೊಂದಿದೆ. ಆ ಗೊಂಬೆಯನ್ನು ನೇಣಿಗೆ ಹಾಕಿದಂತೆ ಚಿತ್ರ ಬರೆದಿದ್ದರು. ಅವಮಾನದ ಗೊಂಬೆಗೆ ನೇಣು ಹಾಕಿದವನು ಅಪರಾಧಿಯಾದ! ನೂರಾರು ವರ್ಷ ಆ ಗೊಂಬೆಯನ್ನು ಮಾರಿ ಹಣ ಮಾಡಿಕೊಂಡವರನ್ನು ಯಾರೂ ಕೇಳಲಿಲ್ಲ.

ತಮ್ಮನೂ ಇಲ್ಲ, ಕೆಲಸವೂ ಇಲ್ಲ. ಕೆಲವು ವರ್ಷ ಅವನು ಎಲ್ಲಿದ್ದನೆಂಬುದೇ ಜನಕ್ಕೆ ತಿಳಿಯಲಿಲ್ಲ. ೧೯೯೦ರ ದಶಕದ ಕೊನೆಗೆ ನ್ಯೂಯಾರ್ಕಿನ ಕವಿಗಳ ಒಂದು ಕೆಫೆಯಲ್ಲಿ ಮುಖಕ್ಕೆ ಹೆಂಗಸರ ಕಾಲುಚೀಲ ಎಳೆದುಕೊಂಡು ಹಾಡಿದ. ಆಮೇಲೆ ಕಾಲುಚೀಲದ ಜಾಗಕ್ಕೆ ಲೋಹದ ಮುಖವಾಡ ಬಂತು. ಚಿತ್ರಕಥೆಯ ಖಳ ಡಾಕ್ಟರ್ ಡೂಮ್‌ನದು. ೧೯೯೯ರಲ್ಲಿ ಒಂದು ಪುಟ್ಟ ಕಂಪನಿಯಿಂದ ಅವನ ಹೊಸ ಆಲ್ಬಂ ಬಂತು. ಬಣ್ಣದ ವೇಷ ನೋಡಿ ಬೆಳೆದ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ರಂಗಕ್ಕೆ ಬಂದವನು ರಾಕ್ಷಸ, ಒಳಗಿರುವವನು ರಾಕ್ಷಸನಲ್ಲ. ನನ್ನ ಮೈಬಣ್ಣ ಬೇಡ, ಮೋರೆ ಬೇಡ, ಮನೆಯ ದುಃಖ ಬೇಡ. ಕಿವಿ ಇದ್ದರೆ ಮಾತು ಕೇಳಿ ಎಂಬುದೇ ಆ ಮುಖವಾಡದ ಕರಾರು. ಹಾಡುಗಾರನ ಮೋರೆಯನ್ನು ಗೋಡೆಗೋಡೆಗೆ ಅಂಟಿಸಿ ಸೋಪು ಮಾರುವ ಕಾಲದಲ್ಲಿ ಮೋರೆಯನ್ನೇ ಕೊಡದಿರುವುದು ಒಂದು ಬಗೆಯ ಮುಷ್ಕರವೆಂದೇ ನಾವು ತಿಳಿದಿದ್ದೇವೆ.

'ಭೂಗತ ಹಿಪ್‌ಹಾಪ್' ಎಂದೊಡನೆ ಸಮಿತಿಯ ಒಬ್ಬ ಹಿರಿಯರಿಗೆ ಮುಂಬಯಿಯ ಗ್ಯಾಂಗುಗಳ ನೆನಪಾಯಿತಂತೆ. ಅದೇ ಮಾತಿಗೆ ೧೯೪೨ರ ನೆನಪು ಏಕಾಗಬಾರದು? ನೆಲದಡಿಯಲ್ಲಿ ಇರುವುದು ಕಳ್ಳತನಕ್ಕೇ ಅಲ್ಲ, ನೆಲದ ಮೇಲೆ ಬಾಗಿಲು ಮುಚ್ಚಿದಾಗಲೂ ಜನ ಕೆಳಗಿಳಿಯುತ್ತಾರೆ. ಅಮೆರಿಕದಲ್ಲಿ ಬಾಗಿಲು ಮುಚ್ಚಿದ್ದು ಹೀಗೆ. ಅಲ್ಲಿ ಒಬ್ಬನೇ ಧಣಿ ದೇಶದಾದ್ಯಂತ ಇಷ್ಟಕ್ಕಿಂತ ಹೆಚ್ಚು ರೇಡಿಯೋ ಕೇಂದ್ರಗಳನ್ನು ಇಟ್ಟುಕೊಳ್ಳಬಾರದೆಂದು ಮಿತಿಯಿತ್ತು. ೧೯೯೬ರ ದೂರಸಂಪರ್ಕ ಕಾಯಿದೆ ಆ ರಾಷ್ಟ್ರೀಯ ಮಿತಿಯನ್ನು ಕಿತ್ತು ಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ೧,೨೦೦ಕ್ಕೂ ಹೆಚ್ಚು ಕೇಂದ್ರಗಳು ಬಿದ್ದವು. ಊರೂರಿನ ರೇಡಿಯೋಗೆ ಹಾಡಿನ ಪಟ್ಟಿ ಒಂದೇ ಕಚೇರಿಯಿಂದ ಬರತೊಡಗಿದರೆ ಸ್ಥಳೀಯ ಹುಡುಗನ ಕ್ಯಾಸೆಟ್ಟನ್ನು ಯಾರು ಹಾಕುತ್ತಾರೆ? ಒಬ್ಬನೇ ಸಗಟು ವ್ಯಾಪಾರಿ ತಾಲ್ಲೂಕಿನ ಅಂಗಡಿಗಳನ್ನೆಲ್ಲ ಕೊಂಡರೆ ನಮ್ಮ ಓಣಿಯ ಉಪ್ಪಿನಕಾಯಿ ಯಾವ ಅಂಗಡಿಯಲ್ಲೂ ಸಿಗದು, ಹಾಗೆಯೇ ಇದೂ. ಆಗ ಹಾಡುಗಾರರು ಕಾಲೇಜು ರೇಡಿಯೋ, ಸಣ್ಣ ರಿಕಾರ್ಡ್ ಅಂಗಡಿ, ಕೈಯಿಂದ ಕೈಗೆ ದಾಟುವ ಕ್ಯಾಸೆಟ್ಟು, ಇವನ್ನೇ ನಂಬಿದರು. ಭೂಗತವೆಂದರೆ ಇಷ್ಟೇ.

ಹಾಗೆಂದು ನೆಲದಡಿಯಲ್ಲಿ ಇರುವವರೆಲ್ಲ ಸಂತರೆಂದು ಹೇಳಿ ನಗೆಪಾಟಲಾಗುವ ಇಚ್ಛೆ ನಮಗಿಲ್ಲ. ಭೂಗತ ಹಿಪ್‌ಹಾಪಿನ ಕೋಟೆಯೆನಿಸಿದ್ದ ರಾಕಸ್ ಎಂಬ ಕಂಪನಿಯ ಹಿಂದೆ ಇದ್ದ ದುಡ್ಡು ಯಾರದು? ಪತ್ರಿಕಾ ಚಕ್ರವರ್ತಿ ಮರ್ಡಾಕನ ಮಗ ಜೇಮ್ಸ್ ಮರ್ಡಾಕನದು. ನೆಲಮಾಳಿಗೆಗೂ ಬಾಡಿಗೆ ವಸೂಲು ಮಾಡುವವರು ಇದ್ದೇ ಇರುತ್ತಾರೆ.

ಇನ್ನು ಕಳ್ಳತನದ ಆರೋಪ. ಸಮಿತಿಯಲ್ಲಿ ಈ ಮಾತು ಬರಲಿಲ್ಲ. ಬಂದಿದ್ದರೆ ನಮಗೆ ಉತ್ತರ ಕೊಡುವುದು ಕಷ್ಟವಾಗುತ್ತಿತ್ತು. ಬೇರೆಯವರ ರಿಕಾರ್ಡಿನಿಂದ ತುಣುಕು ಕತ್ತರಿಸಿ ಹಾಡು ಕಟ್ಟಿದರೆ ಅದು ಕಳವಲ್ಲವೆ? ೧೯೯೧ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ಬಿಜ್ ಮಾರ್ಕಿ ಎಂಬ ಹಾಡುಗಾರನ ಮೊಕದ್ದಮೆ ಬಂದಾಗ ನ್ಯಾಯಾಧೀಶರು ಬೈಬಲ್ಲಿನ ಕದಿಯಬೇಡ ಎಂಬ ಆಜ್ಞೆಯಿಂದಲೇ ತೀರ್ಪು ಆರಂಭಿಸಿದರು. ಕ್ರಿಮಿನಲ್ ಕ್ರಮದ ಪರಿಶೀಲನೆಗೂ ಕಳಿಸಿದರು. ೨೦೦೫ರಲ್ಲಿ ಇನ್ನೊಂದು ಮೇಲಿನ ನ್ಯಾಯಾಲಯ, ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಪರವಾನಗಿ ಬೇಕೇ ಬೇಕು ಎಂದು ವಿಧಿಸಿತು. ದಾವೆ ಹೂಡಿದವರು ಆ ಗಿಟಾರು ನುಡಿಸಿದವರಲ್ಲ. ಹಕ್ಕುಪತ್ರಗಳನ್ನು ಕೊಂಡಿಟ್ಟುಕೊಂಡಿದ್ದ ಬ್ರಿಜ್‌ಪೋರ್ಟ್ ಎಂಬ ಕಂಪನಿ. ಇದರ ಫಲ ಯಾರಿಗೆ? ಹಣವಿದ್ದ ಕಂಪನಿ ಪರವಾನಗಿ ಕೊಂಡಿತು. ಕೋಣೆಯಲ್ಲಿ ಕುಳಿತ ಹುಡುಗ ಕೈ ಕಟ್ಟಿ ಕುಳಿತ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡೇನು ಪ್ರಯೋಜನ? ಡಿ ಲಾ ಸೋಲ್ ಎಂಬ ಹೆಸರಾಂತ ತಂಡದ ಮೊದಲ ಆಲ್ಬಮ್ಮುಗಳು ಇಂಥ ತುಣುಕುಗಳ ತಕರಾರಿನಲ್ಲಿ ಸಿಕ್ಕಿಬಿದ್ದು, ೨೦೨೩ರ ಮಾರ್ಚ್‌ವರೆಗೆ ಫೋನಿನಲ್ಲಿ ಹಾಡು ಕೇಳಿಸುವ ಕಂಪನಿಗಳಿಗೆ ಬರಲಾಗಲೇ ಇಲ್ಲ. ಅಷ್ಟರಲ್ಲಿ ಒಂದು ಪೀಳಿಗೆಯೇ ದಾಟಿಹೋಯಿತು.

ಕೌದಿ ಹೊಲಿದ ಅಜ್ಜಿಯನ್ನು ಸೀರೆ ಕಳ್ಳಿ ಎನ್ನುತ್ತೀರಾ ಎಂದು ಕೇಳಿ ಇಲ್ಲಿಗೇ ಗೆದ್ದೆವೆಂದು ಬಿಡಬಹುದಿತ್ತು. ಆದರೆ ಅಜ್ಜಿಯ ಸೀರೆ ಅಜ್ಜಿಯದೇ. ಇಲ್ಲಿ ಸೀರೆ ನೆರೆಯವಳದು. ೧೯೬೯ರಲ್ಲಿ ದಿ ವಿನ್‌ಸ್ಟನ್ಸ್ ಎಂಬ ತಂಡ 'ಅಮೆನ್, ಬ್ರದರ್' ಎಂಬ ರಿಕಾರ್ಡು ಮಾಡಿತು. ಅದರಲ್ಲಿ ಗ್ರೆಗರಿ ಕೋಲ್ಮನ್ ಎಂಬ ಡ್ರಮ್ ವಾದಕ ಏಳು ಸೆಕೆಂಡಿನ ಆಸುಪಾಸು ಒಬ್ಬನೇ ನುಡಿಸುತ್ತಾನೆ. ಆ ಏಳು ಸೆಕೆಂಡನ್ನು ಹಿಪ್‌ಹಾಪಿನವರೂ ಇತರರೂ ಕತ್ತರಿಸಿ ಅಂಟಿಸಿದ ಹಾಡುಗಳು ಸಾವಿರಾರು. ಕೋಲ್ಮನ್‌ಗೆ ಬಂದ ಕಾಸು? ಒಂದೂ ಇಲ್ಲ. ಮನೆಮಠವಿಲ್ಲದೆ ೨೦೦೬ರಲ್ಲಿ ಸತ್ತ. ೨೦೧೫ರಲ್ಲಿ ಕೇಳುಗರು ತಾವಾಗಿ ಚಂದಾ ಎತ್ತಿ ೨೪,೦೦೦ ಪೌಂಡು ಕೂಡಿಸಿ ಆ ತಂಡದ ನಾಯಕನಿಗೆ ಕೊಟ್ಟರು. ಡ್ರಮ್ ನುಡಿಸಿದವನು ಅಷ್ಟರಲ್ಲಿ ಮಣ್ಣಾಗಿ ಒಂಬತ್ತು ವರ್ಷ. ನುಡಿಸಿದ ಕೈಗೂ ಕೂಲಿ ಇಲ್ಲ, ಹೊಲಿದ ಕೈಗೂ ಪರವಾನಗಿ ಇಲ್ಲ, ನಡುವೆ ಕಾಗದ ಹಿಡಿದು ಕುಳಿತವನಿಗೆ ಮಾತ್ರ ಎರಡೂ ಕಡೆಯ ದಲ್ಲಾಳಿ! ವಾದಕನ ಕೂಲಿ ವಾದಕನಿಗೆ ನೇರವಾಗಿ, ಸಣ್ಣವನಿಗೆ ಸಣ್ಣ ದರದಲ್ಲಿ, ತಲುಪುವ ಒಂದು ಕ್ರಮ ಬೇಕೆಂದು ಕೇಳುವುದು ನ್ಯಾಯ. ಹೊಲಿಗೆಯನ್ನೇ ನಿಷೇಧಿಸುವುದು ಯಾರ ನ್ಯಾಯ? ಇದೇ ಮ್ಯಾಡ್‌ಲಿಬ್ ೨೦೦೭ರಲ್ಲಿ ನಮ್ಮ ಹಿಂದೀ ಸಿನಿಮಾ ರಿಕಾರ್ಡುಗಳ ತುಣುಕುಗಳಿಂದ ಒಂದು ಇಡೀ ಆಲ್ಬಂ ಕಟ್ಟಿದ್ದಾನೆ. ಅವುಗಳಲ್ಲಿ ಪಿಟೀಲು, ಢೋಲಕ್ ನುಡಿಸಿದ ಮುಂಬಯಿಯ ವಾದಕರ ಹೆಸರು ಮೂಲ ರಿಕಾರ್ಡಿನ ಹೊದಿಕೆಯ ಮೇಲೂ ಇರುತ್ತಿರಲಿಲ್ಲವೆಂಬುದನ್ನು ನೆನೆದರೆ, ಕಳವು ಎಲ್ಲಿಂದ ಆರಂಭವಾಯಿತೆಂಬ ಪ್ರಶ್ನೆ ಬೇರೆಯೇ ದಾರಿ ಹಿಡಿಯುತ್ತದೆ.

ಕಳವಿನ ಮಾತಿಗೆ ಇನ್ನೊಂದು ಮುಖವೂ ಇದೆ. ಮ್ಯಾಡ್‌ಲಿಬ್ ಬ್ರೆಜಿಲಿನಲ್ಲಿದ್ದಾಗಲೇ ಅರೆಬೆಂದ ಹಾಡುಗಳ ಟೇಪು ಕಳುವಾಗಿ, ಆಲ್ಬಂ ಬರುವುದಕ್ಕೆ ಒಂದು ವರ್ಷಕ್ಕೂ ಮೊದಲೇ ಅಂತರ್ಜಾಲದಲ್ಲಿ ಹರಿದಾಡಿತು. ಇಬ್ಬರೂ ಬೇಸತ್ತು ಬೇರೆ ಬೇರೆ ಕೆಲಸಕ್ಕೆ ಹೊರಟುಹೋದರು. ತಿರುಗಿ ಬಂದಾಗ ಡೂಮ್ ತನ್ನ ಪಾಲನ್ನು ಹೊಸದಾಗಿ ಹಾಡಿದ. ಮೊದಲಿನ ರಭಸ ಬಿಟ್ಟು, ದನಿ ತಗ್ಗಿಸಿ, ನಿಧಾನಿಸಿ. ನಾವು ಮೆಚ್ಚಿದ ಆ ರಾತ್ರಿ ಪಾಳಿಯ ನಡಿಗೆ ಬಂದದ್ದು ಹಾಗೆ. ಕೊನೆಯ ಹಾಡಿನಲ್ಲಿ ಈ ಸೋರಿಕೆಯನ್ನು ಅವನೇ ಹಾಸ್ಯ ಮಾಡಿದ್ದಾನೆ. ಇಷ್ಟೆಲ್ಲ ಆಗಿ ಅಮೆರಿಕದ ಮಾರಾಟ ಪಟ್ಟಿಯಲ್ಲಿ ಆಲ್ಬಂ ೧೭೯ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಪಟ್ಟಿಯ ಮೇಲಿನ ೧೭೮ರಲ್ಲಿ ಇವತ್ತು ಎಷ್ಟನ್ನು ಜನ ಕೇಳುತ್ತಾರೋ ಎಣಿಸಿ ನೋಡಬೇಕು.

ಗಾಂಜಾದ ಮಾತು ಸುಳ್ಳಲ್ಲ. ಒಂದು ಇಡೀ ಹಾಡು ಅದರ ಸ್ತುತಿಗೇ ಮೀಸಲಾಗಿದೆ; ನಮಗದು ಸೇರುವುದಿಲ್ಲ, ಆ ಹಾಡು ಬಂದಾಗ ನಾವು ಚಹಾಕ್ಕೆ ಏಳುತ್ತೇವೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಕೆಲವು ಕಛೇರಿಗಳಿಗೆ ಡೂಮ್ ತಾನು ಹೋಗದೆ ಬೇರೆಯವರಿಗೆ ಮುಖವಾಡ ತೊಡಿಸಿ ಕಳಿಸಿದ. ಖಳನ ಆಟವೆಂದು ಭಕ್ತರು ಇದನ್ನು ಹೊಗಳುತ್ತಾರೆ. ನಾವು ಹೊಗಳುವುದಿಲ್ಲ. ವಾರದ ಕೂಲಿಯಲ್ಲಿ ಉಳಿಸಿ ಟಿಕೇಟು ಕೊಂಡವನಿಗೆ ಬದಲಿ ಆಳನ್ನು ತೋರಿಸಿದರೆ ಅದು ವಂಚನೆ. ತೂಕದ ಕಲ್ಲಿಗೆ ಮೇಣ ಹಚ್ಚಿದಷ್ಟೇ ವಂಚನೆ.

ಆ ಮುಖವಾಡದ ಮನುಷ್ಯನಿಗೆ ಸಿಕ್ಕ ಕೊನೆಯ ಪೆಟ್ಟು ಬಂದದ್ದು ಕಂಪನಿಯಿಂದಲ್ಲ, ಸರ್ಕಾರದಿಂದ. ೨೦೧೦ರಲ್ಲಿ ಯೂರೋಪಿನಲ್ಲಿ ಹಾಡಿ ಹಿಂದಿರುಗುವಾಗ ಅಮೆರಿಕ ಅವನನ್ನು ಒಳಗೆ ಬಿಡಲಿಲ್ಲ. ಕೂಸಾಗಿ ಬಂದು ಅಲ್ಲೇ ಬೆಳೆದವನು, ಆದರೆ ಅಲ್ಲಿನ ಪೌರನೆಂಬ ಕಾಗದ ಮಾಡಿಸಿರಲಿಲ್ಲ. ಹೆಂಡತಿ ಮಕ್ಕಳು ಅಲ್ಲಿ, ಇವನು ಇಂಗ್ಲೆಂಡಿನಲ್ಲಿ. ಕೂಡಿ ಬಾಳಲು ವರ್ಷಗಳೇ ಹಿಡಿದವು. ೨೦೨೦ರ ಅಕ್ಟೋಬರ್ ೩೧ರಂದು ಲೀಡ್ಸ್ ಊರಿನಲ್ಲಿ ೪೯ನೆಯ ವಯಸ್ಸಿಗೆ ತೀರಿಕೊಂಡ. ಮನೆಯವರು ಅದನ್ನು ಲೋಕಕ್ಕೆ ತಿಳಿಸಿದ್ದು ಎರಡು ತಿಂಗಳ ಮೇಲೆ, ಡಿಸೆಂಬರ್ ೩೧ರಂದು. ಸತ್ತ ಸುದ್ದಿಗೂ ಮುಖವಾಡ ಹಾಕಿಸಿದ. ಇಂದು ಅದೇ ಮುಖವಾಡವನ್ನು ಅಂಗಿ, ಚಹಾ ಬಟ್ಟಲು, ಬೀಗದ ಕೈ ಗೊಂಚಲುಗಳ ಮೇಲೆ ಅಚ್ಚೊತ್ತಿ ಮಾರುತ್ತಿದ್ದಾರೆ.

ಈಗ ನಮ್ಮದೇ ಪ್ರಶ್ನೆಗೆ ಬರೋಣ. ಸಂದೇಶವೇನು? ಯುದ್ಧ, ಪೊಲೀಸರು ಎಂದು ನೇರವಾಗಿ ಮಾತಾಡುವ ಹಾಡು ಇದರಲ್ಲಿ ಒಂದಿದೆ. ಅದೂ ಎರಡು ನಿಮಿಷದೊಳಗೆ ಮುಗಿಯುತ್ತದೆ. ಉಳಿದುದರಲ್ಲಿ ಘೋಷಣೆ ಹುಡುಕುವವನು ನಮ್ಮ ಹಾಗೆ ಪೆನ್ಸಿಲ್ಲು ಕಚ್ಚಿಕೊಂಡು ಕೂರಬೇಕು. ನಾವು ಮೂವತ್ತು ವರ್ಷ ಮೇ ದಿನದ ವೇದಿಕೆಗಳಲ್ಲಿ ಹಾಡು ಕೇಳಿದವರು. ಅವುಗಳಲ್ಲಿ ಎಷ್ಟು ಹಾಡನ್ನು ಮನೆಗೆ ನಡೆಯುವಾಗ ಗುನುಗಿದೆವೆಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ ಒಂದು ಕೈಯ ಬೆರಳು ಸಾಕು. ಕೆಂಪು ಶಾಯಿಯಲ್ಲಿ ಬರೆದ ಕೆಟ್ಟ ಪದ್ಯ ಕೆಟ್ಟ ಪದ್ಯವೇ. ಇಲ್ಲಿ ಇಬ್ಬರು ಮನುಷ್ಯರು ಪರರು ಎಸೆದ ರಿಕಾರ್ಡು, ಲೆಕ್ಕದ ಪುಸ್ತಕದಷ್ಟು ಗಾತ್ರದ ಯಂತ್ರ, ಸ್ವಂತ ನಾಲಗೆ, ಇಷ್ಟನ್ನೇ ಬಂಡವಾಳವಾಗಿಟ್ಟುಕೊಂಡು, ಯಾವ ಧಣಿಯ ಅಪ್ಪಣೆಗೂ ಕಾಯದೆ, ತಮ್ಮ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡಲಾಗದೆಂಬಷ್ಟು ಚೆನ್ನಾಗಿ ಮಾಡಿದ್ದಾರೆ. ನೇಯುವವನಿಗೆ, ಹೊಲಿಯುವವನಿಗೆ, ತೂಗುವವನಿಗೆ ಇದು ಸಂದೇಶವಾಗಿ ಕೇಳಿಸದಿದ್ದರೆ ಇನ್ನೇನು ಕೇಳಿಸಬೇಕು?

ಹೊಸ ಸುಂಕದಕಟ್ಟೆಗಳು ಈಗ ಫೋನಿನೊಳಗೇ ಇವೆ. ಸ್ಪಾಟಿಫೈ ಕಂಪನಿ ೨೦೨೪ರಿಂದ ಒಂದು ನಿಯಮ ಮಾಡಿದೆ: ವರ್ಷದಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಒಂದು ಪೈಸೆಯೂ ಇಲ್ಲ. ಸಾವಿರ ಗಿರಾಕಿ ಬಾರದ ಅಂಗಡಿಯ ಗಲ್ಲಾ ಪೆಟ್ಟಿಗೆ ಪಕ್ಕದ ದೊಡ್ಡ ಅಂಗಡಿಗೆ ಎಂದ ಹಾಗೆ. ಐದು ಹುಡುಗರು ನಾಳೆ ಹಾಡು ಕಟ್ಟಿದರೆ ಈ ನಿಯಮದ ಮುಂದೆ ನಿಲ್ಲಬೇಕಾದವರು ಅವರೇ. ಅಲ್ಲಿ ಬಾಗಿಲು ಹಾಕಿದವರ ಮೇಲೆ ನಾವು ಲೇಖನ ಬರೆಯುತ್ತೇವೆ. ಇಲ್ಲಿ ಸಭಾಂಗಣದ ಬಾಗಿಲು ಹಾಕಿದವರು ಯಾರು?

ಸಮಿತಿಯ ಹಿರಿಯರ ಗಮನಕ್ಕೆ ಒಂದು ಸಂಗತಿ ತರಬೇಕಾಗಿದೆ. ಹಿಪ್‌ಹಾಪ್ ಹುಟ್ಟಿದ ದಿನವೆಂದು ಎಲ್ಲರೂ ಎಣಿಸುವುದು ೧೯೭೩ರ ಆಗಸ್ಟ್ ೧೧. ಸ್ಥಳ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಸೆಡ್ಜ್‌ವಿಕ್ ಅವೆನ್ಯೂ, ೧೫೨೦ನೆಯ ನಂಬರಿನ ವಠಾರ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಬೇಕಿತ್ತು. ವಠಾರದವರ ಸಾಮೂಹಿಕ ಕೋಣೆಯನ್ನು ಬಾಡಿಗೆಗೆ ಹಿಡಿದು ಕೂಟ ಏರ್ಪಡಿಸಿದಳು. ಟಿಕೇಟು ಹುಡುಗಿಯರಿಗೆ ೨೫ ಸೆಂಟ್, ಹುಡುಗರಿಗೆ ೫೦. ಜಮೈಕಾದಿಂದ ಬಂದಿದ್ದ ಅವಳ ಅಣ್ಣ ಕ್ಲೈವ್ ಗ್ರಾಮಫೋನು ಹಾಕಿದ. ರಿಕಾರ್ಡಿನಲ್ಲಿ ಡ್ರಮ್ ಒಂದೇ ನುಡಿಯುವ ಜಾಗಕ್ಕೆ ಜನ ಹುಚ್ಚೆದ್ದು ಕುಣಿಯುವುದನ್ನು ಕಂಡುಕೊಂಡವನು ಅವನು. ಮುಂದೆ ಒಂದೇ ರಿಕಾರ್ಡಿನ ಎರಡು ಪ್ರತಿ ಇಟ್ಟು ಆ ಜಾಗವನ್ನೇ ಹಿಗ್ಗಿಸಿ ಹಿಗ್ಗಿಸಿ ನುಡಿಸಿದ. ಆ ವಠಾರಕ್ಕೂ ಒಂದು ಸಮಿತಿಯಿದ್ದು, ಅದರಲ್ಲಿ ನಮ್ಮಂಥ ಮೂರನೆಯ ಮಹಾಶಯರೊಬ್ಬರು ಸಂದೇಶವೇನೆಂದು ಕೇಳಿ ಕೈಯೆತ್ತಿದ್ದರೆ ಸಿಂಡಿಗೆ ಬಟ್ಟೆಯೂ ಇಲ್ಲ, ಲೋಕಕ್ಕೆ ಈ ಸಂಗೀತವೂ ಇಲ್ಲ.

ಮುಂದಿನ ಸಭೆ ಇದೇ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಅರ್ಜಿಯನ್ನು ಮರುಪರಿಶೀಲನೆಗೆ ತರಬೇಕೆಂದು ನಾವು ಲಿಖಿತವಾಗಿ ಸೂಚನೆ ಕೊಟ್ಟಿದ್ದೇವೆ. ಅನುಮೋದಕರು ಇನ್ನೂ ಸಿಕ್ಕಿಲ್ಲ. ಕರೆಂಟಿನ ಖರ್ಚು ಹುಡುಗರಿಂದ ತೆಗೆದುಕೊಳ್ಳಕೂಡದೆಂದೂ ಸೇರಿಸಿದ್ದೇವೆ. ಸದಸ್ಯರು ಬರುವ ಮುನ್ನ 'ಅಕಾರ್ಡಿಯನ್' ಹಾಡನ್ನು ಒಮ್ಮೆ ಕೇಳಿ ಬರಬೇಕು, ಎರಡು ನಿಮಿಷ. ಫೋನಿನಲ್ಲಿ ಇಲ್ಲದವರು ಶನಿವಾರ ಸಂಜೆ ಸೈಕಲ್ ಅಂಗಡಿಗೆ ಹೋದರೆ ಹುಡುಗ ಕೇಳಿಸುತ್ತಾನೆ.